ತಿಥಿ ನೋಡಿ ಕ್ಯಾಮೆರಾ ಹಿಡಿಯಿರಿ: ಕಾರವಾರದಲ್ಲೊಂದು ಚಿತ್ರಸುತ್ತಾಟ

(ಫೋಟೋಗ್ರಫಿ ಆಸಕ್ತರ ಒಂದು ಕೂಟದಲ್ಲಿ ಚಿತ್ರ ತೋರಿಸುತ್ತಾ ಆಡಿದ ಮಾತಿನ ಬರಹ ರೂಪ ಇದು. ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸೂರ್ಯಾಸ್ತ ತೋರಿಸಿಬಿಡುತ್ತೇನೆ. ಕಡಲ ಊರಿನ ಚಿತ್ರ ಅಂದರೆ ಎಲ್ಲರೂ ಕಾಯುವುದು ಅದಕ್ಕೇ ಅಲ್ವಾ? ಕಿತ್ತಳೆ ಆಕಾಶ, ನಡುವೆ ದುಂಡಗಿನ ಸೂರ್ಯ, ಕೆಳಗೆ ಕಪ್ಪಾಗಿ ಕಾಣುವ ಒಂದು ದೋಣಿ. ಚೆನ್ನಾಗಿದೆ. ಆದರೆ ಇದು ಯಾವ ಊರು ಅಂತ ಹೇಳಿ ನೋಡೋಣ. ಉಳ್ಳಾಲ ಇರಬಹುದು, ಮಲ್ಪೆ ಇರಬಹುದು, ಮುರ್ಡೇಶ್ವರ ಇರಬಹುದು. ಪಶ್ಚಿಮ ಕರಾವಳಿಯ ಉದ್ದಕ್ಕೂ ಪ್ರತಿ ಸಂಜೆ ಸಾವಿರಾರು ಮೊಬೈಲುಗಳಲ್ಲಿ ಇದೇ ಚಿತ್ರ ಬೀಳುತ್ತದೆ. ಸೂರ್ಯಾಸ್ತ ತೆಗೆಯಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನೊಂದೇ ನಂಬಿ ಕಾರವಾರಕ್ಕೆ ಬಂದರೆ, ಊರು ಕೊಡುವುದರಲ್ಲಿ ಹತ್ತರಲ್ಲಿ ಒಂದು ಪಾಲೂ ಸಿಗುವುದಿಲ್ಲ.

ನನ್ನ ವಾದ ಇಷ್ಟೇ. ಕಾರವಾರದಲ್ಲಿ ಚಿತ್ರ ತೆಗೆಯುವವರು ಸೂರ್ಯನ ಟೈಮ್ ನೋಡುವ ಮುಂಚೆ ನೀರಿನ ಟೈಮ್ ನೋಡಬೇಕು. ಅದಕ್ಕೆ ಆ್ಯಪ್ ಬೇಕಂತಲೂ ಇಲ್ಲ. ಅಡುಗೆಮನೆ ಗೋಡೆಗೆ ನೇತುಹಾಕಿರುವ ಕ್ಯಾಲೆಂಡರ್ ಸಾಕು.

ಹೇಗೆ ಅಂತ ಕೇಳಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಒಂದೇ ಸಮ ಇರುವುದಿಲ್ಲ, ಒಂದು ಜಾಸ್ತಿ, ಒಂದು ಕಮ್ಮಿ. ಪ್ರತಿ ದಿನ ಇವು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅಂದರೆ ಇವತ್ತು ಬೆಳಿಗ್ಗೆ 6ಕ್ಕೆ ಇಳಿತ ಇದ್ದರೆ, ಒಂದು ವಾರ ಬಿಟ್ಟು ಅದೇ 6ಕ್ಕೆ ಉಬ್ಬರ ಇರುತ್ತದೆ. ಇದು ಶಾಲೆಯಲ್ಲೇ ಓದಿದ್ದು. ಶಾಲೆಯಲ್ಲಿ ಹೇಳದೇ ಇದ್ದ ಒಂದು ವಿಷಯ ಇದೆ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಇಳಿತ ಒಂದು ಊರಿನಲ್ಲಿ ಯಾವಾಗಲೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬೀಳುತ್ತದೆ. ಕಾರವಾರದಲ್ಲಿ ಅದು ಬೆಳಗಿನ ಜಾವ ಮತ್ತು ಸಂಜೆ. ಫೋಟೋ ತೆಗೆಯುವವರಿಗೆ ಇದಕ್ಕಿಂತ ಅದೃಷ್ಟ ಬೇಕಾ? ಬೆಳಕು ಚೆನ್ನಾಗಿರುವ ಹೊತ್ತಿಗೇ ನೀರು ಹಿಂದೆ ಸರಿದು, ಒದ್ದೆ ಮರಳು ಉದ್ದಕ್ಕೆ ಹಾಸಿಕೊಂಡಿರುತ್ತದೆ. ದೊಡ್ಡ ಇಳಿತದ ದಿನ ನೀರಿನ ಮಟ್ಟ ಎರಡು ಮೀಟರ್ ಆಸುಪಾಸು ಏರಿಳಿಯುತ್ತದೆ. ದಡ ತಗ್ಗಾಗಿರುವ ಕಡೆ ಅಷ್ಟು ಸಾಕು, ಇಡೀ ನೋಟವೇ ಬದಲಾಗುತ್ತದೆ.

ಅಷ್ಟಮಿ, ನವಮಿ ಹೊತ್ತಿಗೆ ಇದು ತಿರುಗುಮುರುಗು. ಬೆಳಿಗ್ಗೆ, ಸಂಜೆ ನೀರು ತುಂಬಿರುತ್ತದೆ. ಏರಿಳಿತವೂ ಕಮ್ಮಿ, ಸೆಳೆತವೂ ಕಮ್ಮಿ. ಆಗ ಬೀಚ್ ಬಿಟ್ಟು ನದಿ ಕಡೆ ಹೋಗಬೇಕು. ಹಾಗಾಗಿ ನಾನು ಕಾರವಾರದ ಸುತ್ತಾಟವನ್ನು ಜಾಗದ ಲೆಕ್ಕದಲ್ಲಿ ಹಂಚಿಕೊಳ್ಳುವುದಿಲ್ಲ, ತಿಥಿ ಲೆಕ್ಕದಲ್ಲಿ ಹಂಚಿಕೊಳ್ಳುತ್ತೇನೆ. ಇಲ್ಲಿನ ಮೀನುಗಾರರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅವರನ್ನು ಕೇಳಿದರೆ ಯಾವ ಆ್ಯಪ್‌ಗಿಂತ ಚೆನ್ನಾಗಿ ಹೇಳುತ್ತಾರೆ.

ಈಗ ಈ ಚಿತ್ರ ನೋಡಿ. ಟ್ಯಾಗೋರ್ ಬೀಚು, ಅಮಾವಾಸ್ಯೆ ಕಳೆದ ಮಾರನೇ ಬೆಳಿಗ್ಗೆ. ಕ್ಯಾಮೆರಾ ನೆಲಕ್ಕೆ ತಾಗುವ ಹಾಗಿದೆ. ಒದ್ದೆ ಮರಳಿನ ಮೇಲೆ ಬೂಂದಿ ಕಾಳು ಚೆಲ್ಲಿದ ಹಾಗೆ ಸಾವಿರಾರು ಉಂಡೆಗಳು. ನಡುವೆ ಒಂದು ಪುಟ್ಟ ತೂತು. ತೂತಿನಿಂದ ಉಂಡೆಗಳ ಸಾಲು ಎಲ್ಲಾ ದಿಕ್ಕಿಗೂ ಹರಡಿದೆ, ನಡುನಡುವೆ ಓಡಾಡಲು ಓಣಿ ಬಿಟ್ಟಿದೆ. ಇದು ಬೆರಳ ಉಗುರಿನಷ್ಟೂ ಇಲ್ಲದ ಒಂದು ಏಡಿಯ ಕೆಲಸ. ನೀರು ಇಳಿದ ಕೂಡಲೇ ಅದು ಹೊರಗೆ ಬರುತ್ತದೆ. ಮರಳನ್ನು ಬಾಯಿಗೆ ತುಂಬಿಕೊಂಡು, ಕಣಕ್ಕೆ ಅಂಟಿರುವ ಪಾಚಿ, ಕೊಳೆತ ಚೂರುಗಳನ್ನು ಮಾತ್ರ ಸೋಸಿ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಪಕ್ಕಕ್ಕೆ ಹಾಕುತ್ತದೆ. ಹಾಕಿದ ಉಂಡೆಯನ್ನೇ ಮತ್ತೆ ತಿನ್ನದ ಹಾಗೆ ಸಾಲಾಗಿ ಇಡುತ್ತಾ ಹೋಗುತ್ತದೆ. ನೀರು ವಾಪಸು ಬಂದರೆ ಎಲ್ಲ ಅಳಿಸಿ ಹೋಗುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಶುರು.

ಇದನ್ನು ಮೇಲಿಂದ ನೇರ ತೆಗೆದರೆ ರಂಗೋಲಿ ಬರುತ್ತದೆ, ಆದರೆ ಚಪ್ಪಟೆ. ಬೆಳಕು ಅಡ್ಡಕ್ಕೆ ಬೀಳುವಾಗ ಕೂತು ತೆಗೆಯಿರಿ. ಒಂದೊಂದು ಉಂಡೆಗೂ ಒಂದೊಂದು ನೆರಳು ಬೀಳುತ್ತದೆ. ಏಡಿಯೂ ಬೇಕು ಅಂದರೆ ತೂತಿಗೆ ಫೋಕಸ್ ಮಾಡಿ, ಮಿಸುಕಾಡದೆ ಕಾಯಬೇಕು. ನೆರಳು ಅಲುಗಿದರೂ ಅದು ಒಳಗೆ. ಕಾದವರಿಗೆ ಕಣ್ಣು ಮೊದಲು ಕಾಣುತ್ತದೆ, ಎರಡು ಕಡ್ಡಿ ನೆಟ್ಟ ಹಾಗೆ ಮೇಲೆ ಬರುತ್ತವೆ. ಈ ಏಡಿಯ ಅಂಗಳ ಬೀಚಿಗೆ ಬಂದವರ ಕಾಲಡಿಯಲ್ಲೇ ಇರುತ್ತದೆ. ಎಲ್ಲರ ಕಣ್ಣು ದೂರದ ದ್ವೀಪದ ಮೇಲೆ.

ದ್ವೀಪದ ಮಾತು ಬಂತು. ಕಾರವಾರದ ಕಡಲು ಖಾಲಿ ಅಲ್ಲ, ಅದೇ ಈ ಊರಿನ ಚೆಂದ. ಎದುರಿಗೆ ದೇವಗಡ, ಅದರ ಮೇಲೆ 1864ರಲ್ಲಿ ಕಟ್ಟಿದ ದೀಪಸ್ತಂಭ. ಸ್ವಲ್ಪ ಉತ್ತರಕ್ಕೆ ಕೂರ್ಮಗಡ, ಅಲ್ಲಿ ನರಸಿಂಹ ದೇವಸ್ಥಾನ. ಪುಷ್ಯ ಮಾಸದ ಹುಣ್ಣಿಮೆಗೆ ಅಲ್ಲಿ ಜಾತ್ರೆ, ಜನ ದೋಣಿಯಲ್ಲೇ ಹೋಗುತ್ತಾರೆ. 2019ರ ಜನವರಿಯಲ್ಲಿ ಜಾತ್ರೆಯಿಂದ ವಾಪಸು ಬರುವಾಗ ದೋಣಿ ಮಗುಚಿ 16 ಜನ ತೀರಿಕೊಂಡರು. ಹಾಗಾಗಿ ಜಾತ್ರೆಗೆ ಫೋಟೋ ತೆಗೆಯಲು ಹೋಗುವವರು ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಲೇಬೇಡಿ, ತುಂಬಿದ ದೋಣಿಯಲ್ಲಿ ಎದ್ದು ನಿಂತು ಫ್ರೇಮ್ ಹುಡುಕಬೇಡಿ.

ದ್ವೀಪವನ್ನು ಸೂರ್ಯನ ಜೊತೆ ಕೂರಿಸುವುದು ಒಂದು ಆಟ. ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ. ಮಾರ್ಚ್, ಸೆಪ್ಟೆಂಬರ್ ಕೊನೆಗೆ ನೇರ ಪಶ್ಚಿಮ. ಡಿಸೆಂಬರ್ ಹೊತ್ತಿಗೆ ದಕ್ಷಿಣಕ್ಕೆ ಸರಿದು ಬೈತಖೋಲದ ಗುಡ್ಡದ ಕಡೆಗೆ ಬಂದಿರುತ್ತಾನೆ. ಮತ್ತೆ ಬೇಸಿಗೆಗೆ ಉತ್ತರಕ್ಕೆ. ನೀವು ದಡದಲ್ಲಿ ಉತ್ತರಕ್ಕೆ ನಡೆದರೆ ದ್ವೀಪ ಸೂರ್ಯನಿಂದ ಎಡಕ್ಕೆ ಸರಿಯುತ್ತದೆ, ದಕ್ಷಿಣಕ್ಕೆ ನಡೆದರೆ ಬಲಕ್ಕೆ. ಒಂದೇ ಕಡೆ ಸ್ಟ್ಯಾಂಡ್ ಊರಿ ನಿಲ್ಲುವ ಬದಲು ನಾಲ್ಕು ಹೆಜ್ಜೆ ಹಾಕಿ. ಉದ್ದದ ಲೆನ್ಸ್ ಇದ್ದರೆ ಇನ್ನೂ ಜಾಸ್ತಿ ನಡೆಯಬೇಕಾದೀತು.

ಇನ್ನು ಬೆಳಗಿನ ವಿಷಯ. ಇಲ್ಲಿ ಸಹ್ಯಾದ್ರಿಯ ಗುಡ್ಡಗಳು ಊರಿನ ಬೆನ್ನಿಗೇ ಬಂದು ನಿಂತಿವೆ. ಸೂರ್ಯ ಗುಡ್ಡ ದಾಟಿ ಬರುವತನಕ ದಡ ನೆರಳಲ್ಲಿರುತ್ತದೆ, ದೂರದ ದ್ವೀಪಗಳಿಗೆ ಮಾತ್ರ ಬಿಸಿಲು ಬಿದ್ದಿರುತ್ತದೆ. ಮುಂದೆ ನೀಲಿ ಬಣ್ಣದ ತಣ್ಣನೆ ಮರಳು, ಹಿಂದೆ ಹೊಂಬಣ್ಣದ ದ್ವೀಪ. ನನಗೆ ಕೇಳಿದರೆ ಕಾರವಾರದ ಅತಿ ಚೆಂದದ ಬೆಳಕು ಇದು, ಸಂಜೆಯದಲ್ಲ. ಆ ಹೊತ್ತಿಗೆ ಅಲ್ಲಿ ವಾಕಿಂಗ್ ಬಂದವರು, ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ.

ಹುಣ್ಣಿಮೆ ಸಂಜೆಗೆ ಬಂದವರು ಮಾತ್ರ ಒಂದು ಕೆಲಸ ಮಾಡಿ. ಸೂರ್ಯ ಮುಳುಗುವಾಗ ಕಡಲಿಗೆ ಬೆನ್ನು ಹಾಕಿ. ಪೂರ್ವದ ಗುಡ್ಡದ ಮೇಲೆ ಚಂದ್ರ ಬರುತ್ತಾನೆ. ಇಳಿತ ಇರುವುದರಿಂದ ಕಾಲಡಿಯ ಒದ್ದೆ ಮರಳಲ್ಲಿ ಅವನ ಪ್ರತಿಬಿಂಬವೂ ಸಿಗುತ್ತದೆ. ಹುಣ್ಣಿಮೆಗಿಂತ ಹಿಂದಿನ ದಿನ ಇನ್ನೂ ಒಳ್ಳೆಯದು. ಅವತ್ತು ಚಂದ್ರ ಸ್ವಲ್ಪ ಬೇಗ ಹುಟ್ಟುತ್ತಾನೆ. ಗುಡ್ಡ ದಾಟಿ ಮೇಲೆ ಬರುವಾಗ ಆಕಾಶದಲ್ಲಿ ಇನ್ನೂ ಬೆಳಕಿರುತ್ತದೆ. ಚಂದ್ರನೂ ಬೆಳ್ಳಗೆ ಸುಟ್ಟು ಹೋಗುವುದಿಲ್ಲ, ಗುಡ್ಡವೂ ಕಪ್ಪಾಗುವುದಿಲ್ಲ.

ಈ ಬೀಚಿಗೆ ಟ್ಯಾಗೋರ್ ಹೆಸರು ಸುಮ್ನೆ ಬಂದಿದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು, ಬ್ರಿಟಿಷರ ಕಾಲದ ಆಡಳಿತ ಸೇವೆ ಐಸಿಎಸ್ ಪಾಸಾದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿ, ರವೀಂದ್ರನಾಥರು ಅಣ್ಣನ ಮನೆಗೆ ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲೇ. ಮುಂದೆ ತಮ್ಮ ನೆನಪುಗಳಲ್ಲಿ ಅವರು ಇಲ್ಲಿನ ಅರ್ಧಚಂದ್ರದ ದಡ, ಗಾಳಿಮರಗಳ ಸಾಲು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದದ್ದು, ವಾಪಸು ಬರುವಾಗ ನದಿ ಬಾಯಿಯ ಮರಳ ಮೇಲೆ ನಡೆದದ್ದು ಎಲ್ಲ ಬರೆದಿದ್ದಾರೆ. ಫೋಟೋ ತೆಗೆಯುವವರು ಆ ಅಧ್ಯಾಯವನ್ನು ಓದಿ ಬರುವುದು ಒಳ್ಳೆಯದು. ಎಲ್ಲಿ ನಿಲ್ಲಬೇಕು ಅನ್ನುವುದು ಅದರಲ್ಲೇ ಇದೆ. ಕಡಲ ಮುಂದೆ ಅಲ್ಲ, ನದಿ ಬಾಯಿಯಲ್ಲಿ.

ನದಿ ಬಾಯಿಗೆ ಹೋಗುವ ಮುಂಚೆ ಬೈತಖೋಲ. ಮೀನುಗಾರಿಕೆ ಬಂದರು. ಇಲ್ಲಿ ಮಾತ್ರ ತಿಥಿಗಿಂತ ಬೋಟುಗಳ ಲೆಕ್ಕ ಮುಖ್ಯ. ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟ್ ಬಂದು ನಿಂತರೆ ಬಂಗುಡೆ, ತಾರ್ಲೆ ಬುಟ್ಟಿ ಬುಟ್ಟಿ ಇಳಿಯುತ್ತದೆ. ಐಸು ಕುಟ್ಟುವ ಸದ್ದು, ನೀಲಿ ಹಸಿರು ನೈಲಾನ್ ಬಲೆಗಳ ಗುಡ್ಡೆ, ಕೊಂಕಣಿ ಕನ್ನಡ ಎರಡರಲ್ಲೂ ಚೌಕಾಸಿ. ಮೇಲೆ ಗರುಡಗಳು. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ. ಈ ಹಕ್ಕಿ ತೆಗೆಯುವಾಗ ಕ್ಯಾಮೆರಾ ಒಳಗೆ ಬಿಡುವ ಬೆಳಕು, ಅಂದರೆ ಎಕ್ಸ್‌ಪೋಶರ್ ಸ್ವಲ್ಪ ತಗ್ಗಿಸಿ. ಇಲ್ಲದಿದ್ದರೆ ತಲೆ ಬರೀ ಬಿಳಿ ಚುಕ್ಕೆಯಾಗಿ ಬಿಡುತ್ತದೆ, ಕಣ್ಣು, ಕೊಕ್ಕಿನ ವಿವರ ಹೋಗುತ್ತದೆ.

ಬಂದರಿನಲ್ಲಿ ಜನ ಕೆಲಸದಲ್ಲಿರುತ್ತಾರೆ. ನಾವು ಅಡ್ಡ. ಅದನ್ನು ನೆನಪಿಟ್ಟುಕೊಂಡರೆ ಜಗಳ ಬರುವುದಿಲ್ಲ. ಮೀನು ಮಾರುವವರ ಹತ್ತಿರ ‘ಅಕ್ಕಾ, ಒಂದು ಫೋಟೋ ತೆಗೀಲಾ?’ ಅಂತ ಕೇಳಿ. ಬೇಡ ಅಂದರೆ ಬೇಡ. ‘ಮೊದ್ಲು ಮೀನು ತಗೊಳ್ಳಿ, ಆಮೇಲೆ ಫೋಟೋ’ ಅಂತ ಹೇಳುವವರೂ ಇದ್ದಾರೆ, ಅದೂ ನ್ಯಾಯವೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿರುತ್ತವೆ, ದಡದಲ್ಲಿ ಬಲೆ ರಿಪೇರಿ. ಬೆಳ್ಳಿ ಮೀನಿನ ರಾಶಿ ಸಿಗುವುದಿಲ್ಲ. ಆದರೆ ಬಲೆಯ ಕಣ್ಣಿನಲ್ಲಿ ಓಡುವ ಬೆರಳುಗಳು ಸಿಗುತ್ತವೆ, ಅವರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ.

ಅದೃಷ್ಟ ಇದ್ದರೆ ಟ್ಯಾಗೋರ್ ಬೀಚಿನಲ್ಲೇ ರಂಪಣಿ ಸಿಗುತ್ತದೆ. ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಕಡಲಲ್ಲಿ ಅರ್ಧವೃತ್ತವಾಗಿ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವ ಹಳೆಯ ಪದ್ಧತಿ. ಹತ್ತಾರು ಜನ ಎರಡು ಸಾಲಾಗಿ ಹಿಂದಕ್ಕೆ ವಾಲಿ ಎಳೆಯುತ್ತಾರೆ. ಬಲೆ ಹತ್ತಿರ ಬಂದಂತೆ ಎರಡೂ ಸಾಲು ಹತ್ತಿರವಾಗುತ್ತವೆ. ಚಿತ್ರದ ರಚನೆ ಅವರೇ ಮಾಡಿಕೊಡುತ್ತಾರೆ, ನೀವು ಹಗ್ಗ ದಾಟದೆ ಒಂದು ಪಕ್ಕ ನಿಂತರೆ ಸಾಕು. ಪರ್ಸೀನ್ ಬೋಟುಗಳು ಬಂದ ಮೇಲೆ ಈ ಬಲೆ ಕರಾವಳಿಯಲ್ಲಿ ತುಂಬ ಕಡಿಮೆಯಾಗಿದೆ. ಸಿಕ್ಕಿದಾಗ ಪೂರ್ತಿ ಕೂತು ತೆಗೆಯಿರಿ.

ಈ ದಡಕ್ಕೆ ಮೀನುಗಾರರು ಎಷ್ಟು ಅಂಟಿಕೊಂಡಿದ್ದಾರೆ ಅನ್ನುವುದು 2020ರ ಜನವರಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಬಂದರು ವಿಸ್ತರಣೆಗೆ ಅಲೆತಡೆ ಗೋಡೆ ಕಟ್ಟಲು ಹೊರಟಾಗ ಅವರು ಬೀದಿಗಿಳಿದರು. ಊರಿಗೆ ಉಳಿದಿರುವ ದೊಡ್ಡ ಬೀಚು ಇದೊಂದೇ ಅನ್ನುವುದು ಅವರ ಮಾತಾಗಿತ್ತು. ಅದರಲ್ಲಿ ಅರ್ಥ ಇದೆ. ದಕ್ಷಿಣಕ್ಕೆ ಅರ್ಗಾದ ಕಡೆ ಕಡಲಂಚು ನೌಕಾನೆಲೆಗೆ ಹೋಗಿದೆ. 2005ರಲ್ಲಿ ಐಎನ್‌ಎಸ್ ಕದಂಬ ಹೆಸರಿನ ಈ ನೆಲೆ ಶುರುವಾಯಿತು, ಅಂಜುದೀವ ದ್ವೀಪವೂ ನೌಕಾಪಡೆಯ ವಶದಲ್ಲೇ ಇದೆ. ಅಲ್ಲಿ ಕ್ಯಾಮೆರಾ ಎತ್ತುವಂತಿಲ್ಲ. ಬೋರ್ಡ್ ಇದೆ. ಬೋರ್ಡ್ ಕಾಣದ ಕಡೆಯೂ ಎತ್ತಬೇಡಿ. ಯುದ್ಧನೌಕೆ ನೋಡುವ ಆಸೆ ಇದ್ದರೆ ಟ್ಯಾಗೋರ್ ಬೀಚಿನ ಪಕ್ಕದಲ್ಲೇ ಮ್ಯೂಸಿಯಂ ಆಗಿರುವ ಐಎನ್‌ಎಸ್ ಚಾಪಲ್ ಇದೆ. ಮಕ್ಕಳಿದ್ದರೆ ಅರ್ಧ ಗಂಟೆ ಚೆನ್ನಾಗಿ ಕಳೆಯುತ್ತದೆ.

ಈಗ ಕಾಳಿ. ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟಿ, 184 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುತ್ತದೆ. ದಕ್ಷಿಣ ದಡದಲ್ಲಿ ಕೋಡಿಬಾಗ, ಉತ್ತರ ದಡದಲ್ಲಿ ಸದಾಶಿವಗಡದ ಗುಡ್ಡ. ನಡುವೆ ಸೇತುವೆ.

ಈ ಎರಡು ಚಿತ್ರ ಪಕ್ಕಪಕ್ಕ ನೋಡಿ. ಎರಡೂ ಸದಾಶಿವಗಡದ ಕಡೆಯಿಂದ ತೆಗೆದದ್ದು. ಮೊದಲನೆಯದರಲ್ಲಿ ಎರಡು ಸೇತುವೆ ಇವೆ, ಹಳೆಯದು, ಹೊಸದು. ಎರಡನೆಯದರಲ್ಲಿ ಹಳೆಯದು ಮುರಿದು ನೀರಿಗೆ ಬಿದ್ದಿದೆ. 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಹಳೆಯ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನು ಬದುಕಿಸಿ ಎಳೆದು ತಂದರು. ಸೇತುವೆ ಇದ್ದಾಗ ಅದನ್ನು ಯಾರೂ ‘ಚಿತ್ರ’ ಅಂತ ತೆಗೆಯುತ್ತಿರಲಿಲ್ಲ. ಫ್ರೇಮಿನಲ್ಲಿ ಅಡ್ಡ ಬರುತ್ತದೆ ಅಂತ ಬೈದುಕೊಂಡವರೇ ಜಾಸ್ತಿ. ಬಿದ್ದ ಮೇಲೆ ಎಲ್ಲರೂ ತಮ್ಮ ಹಳೆಯ ಫೋಲ್ಡರ್ ಹುಡುಕಿದರು. ಹಾಗಾಗಿ ಸೇತುವೆ, ಜಟ್ಟಿ, ಐಸ್ ಫ್ಯಾಕ್ಟರಿ, ಗಾಳಿಮರದ ಸಾಲು, ಇಂಥವನ್ನೂ ವರ್ಷಕ್ಕೊಮ್ಮೆಯಾದರೂ ಒಂದೇ ಜಾಗದಿಂದ ತೆಗೆದು, ದಿನಾಂಕ ಹಾಕಿ ಇಡಿ. ಕಡಲ ಊರಿನಲ್ಲಿ ಯಾವುದು ಯಾವಾಗ ಹೋಗುತ್ತದೆ ಹೇಳಲಾಗದು.

ನದಿ ಬಾಯಿಯಲ್ಲಿ ಇಳಿತದ ಹೊತ್ತಿಗೆ ಮರಳ ದಿಬ್ಬಗಳು ಮೇಲೆ ಬರುತ್ತವೆ. ಸೊಂಟದ ಮಟ್ಟದ ನೀರಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುವವರು ಕಾಣುತ್ತಾರೆ. ಚಳಿಗಾಲದಲ್ಲಿ ದಿಬ್ಬದ ಮೇಲೆ ವಲಸೆ ಬಂದ ಕಡಲಹಕ್ಕಿಗಳ ಹಿಂಡು ಇರುತ್ತದೆ. ಎಲ್ಲ ಗಾಳಿಗೆ ಮುಖ ಕೊಟ್ಟು ಕೂತಿರುತ್ತವೆ. ಹತ್ತಿರ ಹೋಗಿ ಎಬ್ಬಿಸಿ ಹಾರುವ ಚಿತ್ರ ತೆಗೆಯುವ ಚಟ ಕೆಲವರಿಗೆ. ದಯವಿಟ್ಟು ಬೇಡ. ಅವು ಸಾವಿರಾರು ಕಿಲೋಮೀಟರ್ ಹಾರಿ ಬಂದು ಸುಧಾರಿಸಿಕೊಳ್ಳುತ್ತಾ ಇರುತ್ತವೆ. ಡಾಲ್ಫಿನ್‌ಗಳೂ ನದಿ ಬಾಯಿಯ ಹೊರಗೆ ಬರುತ್ತವೆ, ಬೆನ್ನ ಮೇಲೆ ಗೂನು ಇರುವ ಜಾತಿ. ಅವು ಜಿಗಿಯುವುದು ಕಮ್ಮಿ. ಬೆನ್ನು ಮೇಲೆ ಬಂದು ಮುಳುಗುವುದಷ್ಟೇ ಸಿಗುತ್ತದೆ. ಪೋಸ್ಟರಿನಲ್ಲಿ ಕಾಣುವ ಜಿಗಿತ ಬೇರೆ ಜಾತಿಯದು.

ನಾನು ಅಷ್ಟಮಿ, ನವಮಿಗೆ ನದಿಗೆ ಹೋಗಿ ಅಂದೆನಲ್ಲ, ಅದು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೋಸ್ಕರ. ಕಾಳಿಯ ಹಿನ್ನೀರಿನಲ್ಲಿ ಕಾಂಡ್ಲಾ ದಟ್ಟವಾಗಿದೆ. ಅರಣ್ಯ ಇಲಾಖೆ ಅದರ ನಡುವೆ ನಡೆಯಲು ಅಟ್ಟದ ಹಾದಿ ಕಟ್ಟಿದೆ. ಸಂಜೆ ನೀರು ತುಂಬಿ ನಿಂತಿರುವಾಗ ಮರಗಳ ಪ್ರತಿಬಿಂಬ ಅಲುಗದೆ ಬೀಳುತ್ತದೆ. ಯಾವುದು ಮರ, ಯಾವುದು ನೀರು ಅಂತ ಗೊತ್ತಾಗದ ಚಿತ್ರ ಬೇಕಿದ್ದರೆ ಆಗ ಹೋಗಬೇಕು. ಆದರೆ ನನಗೆ ಇಷ್ಟ ಇಳಿತದ ಹೊತ್ತು. ನೀರು ಹೋದ ಮೇಲೆ ಈ ಕಾಡಿನ ಕೆಲಸ ಕಾಣುತ್ತದೆ. ಒಂದು ಜಾತಿಯ ಮರ ಊರುಗೋಲಿನ ಹಾಗೆ ಬೇರುಗಳನ್ನು ಕಮಾನು ಕಮಾನಾಗಿ ಊರಿ ನಿಂತಿರುತ್ತದೆ. ಪಕ್ಕದ ಉಪ್ಪಟ್ಟಿ ಜಾತಿಯದು ಬೇರೆ ಥರ. ಅದರ ಬೇರುಗಳು ಕೆಸರಿನಿಂದ ನೇರ ಮೇಲಕ್ಕೆ, ಬೆರಳುದ್ದ, ನೂರಾರು. ಕೆಸರಿನಲ್ಲಿ ಗಾಳಿ ಇಲ್ಲ, ಅದಕ್ಕೆ ಉಸಿರಾಡಲು ಮೇಲೆ ಬಂದ ಬೇರುಗಳು ಅವು. ಕಮಾನು ಬೇರಿನ ಮರದ ಕೊಂಬೆಯಲ್ಲಿ ಉದ್ದನೆಯ ಹಸಿರು ಕೋಡು ನೇತಾಡುತ್ತಿರುತ್ತದೆ. ಅದು ಕಾಯಿ ಅನಿಸುತ್ತದೆ, ಅಸಲಿಗೆ ಮರದಲ್ಲೇ ಮೊಳೆತ ಸಸಿ. ಕೆಳಗೆ ಬಿದ್ದರೆ ಕೆಸರಿಗೆ ನೆಟ್ಟುಕೊಳ್ಳುತ್ತದೆ, ನೀರಿದ್ದರೆ ತೇಲಿ ಹೋಗಿ ಇನ್ನೆಲ್ಲೋ ಬೇರು ಬಿಡುತ್ತದೆ.

ಕೆಸರಿನಲ್ಲಿ ಮಡ್‌ಸ್ಕಿಪ್ಪರ್ ಅನ್ನುವ ಪುಟ್ಟ ಮೀನುಗಳು ಕುಪ್ಪಳಿಸುತ್ತವೆ. ಒಂದೇ ಕೊಂಡಿ ದೊಡ್ಡದಿರುವ ಗಂಡು ಏಡಿಗಳು ಹೆಣ್ಣನ್ನು ಕರೆಯಲು ಅದನ್ನು ಬೀಸುತ್ತಾ ಇರುತ್ತವೆ. ಇಲ್ಲಿ ಪೊಲರೈಜರ್ ಫಿಲ್ಟರ್ ಬಳಸಿ. ಒದ್ದೆ ಕೆಸರಿನ, ಎಲೆಗಳ ಹೊಳಪು ತೆಗೆದು ಬಣ್ಣ ಹೊರಗೆ ತರುತ್ತದೆ. ಪ್ರತಿಬಿಂಬ ಬೇಕಾದ ದಿನ ಅದನ್ನು ತೆಗೆದಿಡಿ, ಇಲ್ಲದಿದ್ದರೆ ಪ್ರತಿಬಿಂಬವನ್ನೂ ತಿಂದುಬಿಡುತ್ತದೆ. ಮತ್ತೆ ಸೊಳ್ಳೆ. ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಿ.

ಸದಾಶಿವಗಡ ದಾಟಿ ಉತ್ತರಕ್ಕೆ ಹೋದರೆ ದೇವಬಾಗ, ಮಾಜಾಳಿ, ಕೊನೆಗೆ ಗೋವಾ ಗಡಿಯ ಹತ್ತಿರ ತಿಳಮಾತಿ. ತಿಳಮಾತಿಗೆ ಗುಡ್ಡ ದಾಟಿ ನಡೆದೇ ಹೋಗಬೇಕು. ಅಲ್ಲಿನ ಮರಳು ಕಪ್ಪು, ಎಳ್ಳಿನ ಗಾತ್ರದ ಕಣ. ಪಕ್ಕದ ಕಪ್ಪು ಬಂಡೆ ಸವೆದು ಉದುರಿದ್ದು. ಕ್ಯಾಮೆರಾಕ್ಕೆ ಇದೊಂದು ಪರೀಕ್ಷೆ. ಯಾವ ಕ್ಯಾಮೆರಾ ಆದರೂ ಮುಂದೆ ಇರುವುದು ನಡುಮಟ್ಟದ ಬೂದು ಅಂತಲೇ ಲೆಕ್ಕ ಹಾಕುತ್ತದೆ. ಕಪ್ಪು ಮರಳು ತುಂಬಿದ ಫ್ರೇಮ್ ಕಂಡರೆ ‘ಕತ್ತಲಿದೆ’ ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಮರಳು ಬೂದಿಯಾಗುತ್ತದೆ, ಅದರ ಮೇಲಿನ ನೊರೆ ಸುಟ್ಟು ಹೋಗುತ್ತದೆ. ಇಲ್ಲಿ ಒಂದು ಸ್ಟಾಪ್ ಕಮ್ಮಿ ಮಾಡಿ, ಅಂದರೆ ಬೆಳಕು ಅರ್ಧಕ್ಕೆ ಇಳಿಸಿ. ದೇವಬಾಗದ ತಿಳಿ ಬಣ್ಣದ ಮರಳಿನಲ್ಲಿ ಮಧ್ಯಾಹ್ನ ಇದರ ಉಲ್ಟಾ, ಅಲ್ಲಿ ಸ್ವಲ್ಪ ಜಾಸ್ತಿ ಮಾಡಬೇಕು. ಒಂದೇ ದಿನದಲ್ಲಿ ಎರಡೂ ಬೀಚು ನೋಡಿ ಬಂದರೆ ಎಕ್ಸ್‌ಪೋಶರ್ ಪಾಠ ಪುಸ್ತಕ ಇಲ್ಲದೆ ತಲೆಗೆ ಹತ್ತುತ್ತದೆ. ಈ ಚಿತ್ರದಲ್ಲಿ ಅಲೆ ವಾಪಸು ಹೋಗುವಾಗ ಬಿಟ್ಟ ನೊರೆಯ ಗೆರೆ ಇದೆ. ಅರ್ಧ ಸೆಕೆಂಡ್ ಶಟರ್. ಕಪ್ಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದಂತಿದೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ದಡಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡುತ್ತದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಅರಣ್ಯ ಇಲಾಖೆಯವರು, ಊರಿನವರು ಸೇರಿ ಬೇಲಿ ಹಾಕಿ ಕಾಯುತ್ತಾರೆ. ಮರಿ ಹೊರಬರಲು ಒಂದೂವರೆ ತಿಂಗಳ ಮೇಲೆ ಬೇಕು. ಮರಿಗಳು ಬೆಳಕು ಇದ್ದ ಕಡೆ ಹೋಗುತ್ತವೆ, ಕತ್ತಲಲ್ಲಿ ಕಡಲೇ ಅವಕ್ಕೆ ಬೆಳಕು. ನಿಮ್ಮ ಫ್ಲ್ಯಾಶ್, ಮೊಬೈಲ್ ಟಾರ್ಚ್ ಕಂಡರೆ ದಿಕ್ಕು ತಪ್ಪುತ್ತವೆ. ಇಲಾಖೆಯವರು ಮರಿ ಬಿಡುವ ಬೆಳಿಗ್ಗೆ ಅವರ ಒಪ್ಪಿಗೆ ಪಡೆದು, ದೂರ ನಿಂತು ತೆಗೆಯಿರಿ. ಇದರಲ್ಲಿ ರಾಜಿ ಇಲ್ಲ.

ಮಳೆಗಾಲದ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ನಾನು ಹೇಳಲೇಬೇಕು. ವರ್ಷಕ್ಕೆ ಸುಮಾರು 3 ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ಇದು, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಾಳಿ ಕೆಂಪಾಗಿ ಬರುತ್ತದೆ. ಸದಾಶಿವಗಡದ ಮೇಲಿಂದ ನೋಡಿದರೆ ನದಿಯ ಕೆಂಪು ನೀರು, ಕಡಲಿನ ಬೂದು ಹಸಿರು ನೀರು ಬೆರೆಯದೆ ಪಕ್ಕಪಕ್ಕ ಹರಿಯುವ ಗೆರೆ ಕಾಣುತ್ತದೆ. ಇಳಿತದಲ್ಲಿ ಆ ಗೆರೆ ಕಡಲೊಳಗೆ ದೂರ ಹೋಗುತ್ತದೆ, ಉಬ್ಬರದಲ್ಲಿ ಸೇತುವೆ ಕಡೆಗೆ ಬರುತ್ತದೆ. ಮಳೆ ಬಿಟ್ಟ ಹದಿನೈದು ನಿಮಿಷದಲ್ಲಿ ಸಿಗುವ ಈ ಚಿತ್ರ, ಜನವರಿಯ ನೂರು ಸೂರ್ಯಾಸ್ತಕ್ಕೆ ಸಮ ಅಂತ ನನ್ನ ಅಭಿಪ್ರಾಯ. ಆದರೆ ಮಳೆಗಾಲದಲ್ಲಿ ಬಂಡೆ ಮೇಲೆ ನಿಂತು ಅಲೆ ತೆಗೆಯುವ ಸಾಹಸ ಬೇಡ. ಎಲ್ಲಾ ಅಲೆ ಒಂದೇ ಎತ್ತರಕ್ಕೆ ಬರುವುದಿಲ್ಲ.

ಕಾಳಿಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಕದ್ರಾ, ಆಮೇಲೆ ಘಟ್ಟ ಹತ್ತಿ ಅಣಶಿ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಈ ಹೆಸರು ಬಂದದ್ದು 2015ರಲ್ಲಿ. ಕರಿ ಚಿರತೆ, ಮಂಗಟ್ಟೆ ಹಕ್ಕಿಗೆ ಹೆಸರಾದ ಕಾಡು. ಅದು ಬೇರೆ ಒಂದು ಉಪನ್ಯಾಸದ ವಿಷಯ, ಇಲ್ಲಿ ಬಿಡುತ್ತೇನೆ. ದಾರಿಯಲ್ಲಿ ಅಣೆಕಟ್ಟು, ಕೈಗಾ ಅಣುಸ್ಥಾವರದ ಕಡೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಸಲಕರಣೆ ಬಗ್ಗೆ ಎರಡೇ ಮಾತು. ಒಂದು, ಉಪ್ಪು. ಕಡಲ ಗಾಳಿಯಲ್ಲಿ ಕಾಣದ ಉಪ್ಪಿನ ಹನಿ ಇರುತ್ತದೆ. ಒಣ ಬಟ್ಟೆಯಲ್ಲಿ ಲೆನ್ಸ್ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಬೀಚಿನಲ್ಲಿ ಲೆನ್ಸ್ ಬದಲಿಸಬೇಡಿ. ಎರಡು, ಎಸಿ ರೂಮು. ತಣ್ಣಗಿನ ರೂಮಿನಿಂದ ಕ್ಯಾಮೆರಾ ಸೀದಾ ಹೊರಗೆ ತಂದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ಹೊರಡುವ ಅರ್ಧ ಗಂಟೆ ಮುಂಚೆ ಚೀಲ ಸಮೇತ ವರಾಂಡದಲ್ಲಿ ಇಡಿ.

ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆ.

ಮೊಬೈಲ್ ಸಾಕಾ ಅಂತ ಒಬ್ಬರು ಕೇಳಿದರು. ಏಡಿಯ ಅಂಗಳ, ಕಾಂಡ್ಲಾ ಬೇರು, ತಿಳಮಾತಿಯ ನೊರೆ, ಇವಕ್ಕೆಲ್ಲ ಧಾರಾಳ ಸಾಕು. ನೆಲಕ್ಕೆ ಹತ್ತಿರ ಹಿಡಿಯಲು ಮೊಬೈಲೇ ಸುಲಭ. ಹಕ್ಕಿ, ಚಂದ್ರ, ಡಾಲ್ಫಿನ್‌ಗೆ ಸಾಲದು.

ಡ್ರೋನ್? ನೌಕಾನೆಲೆ ಇರುವ ಊರು. ತರಲೇಬೇಡಿ ಅನ್ನುವುದು ನನ್ನ ಸಲಹೆ.

ಮಧ್ಯಾಹ್ನ ಏನು ಮಾಡುವುದು ಅಂತ ಇನ್ನೊಬ್ಬರು. ಒಳ್ಳೆಯ ಪ್ರಶ್ನೆ. ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ಮಧ್ಯದ ಹೊತ್ತಿಗೆ ಇನ್ನೊಮ್ಮೆ ಇಲ್ಲಿ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿ ಮೇಲೆ ಬರುತ್ತಾನೆ, ಕಂಬಕ್ಕೂ ನೆರಳಿರುವುದಿಲ್ಲ. ಆ ಬೆಳಕಲ್ಲಿ ಮುಖ ತೆಗೆದರೆ ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ. ಮೀನಿನ ಊಟ ಮಾಡಿ ಮಲಗಿ.

ಎರಡೇ ದಿನ ರಜೆ ಇದೆ, ಬೆಂಗಳೂರಿನಿಂದ ಬರುತ್ತೇವೆ, ಯಾವಾಗ ಬರಬೇಕು ಅಂತ ಕೊನೆಯ ಪ್ರಶ್ನೆ. ನವೆಂಬರ್‌ನಿಂದ ಫೆಬ್ರುವರಿ ಒಳಗೆ, ಹುಣ್ಣಿಮೆಯ ಹಿಂದಿನ ದಿನ ಇಳಿಯುವ ಹಾಗೆ ರಾತ್ರಿ ರೈಲು ಹತ್ತಿ. ಕಾರವಾರ ತಲುಪುವಾಗ ಬೆಳಿಗ್ಗೆಯ ಇಳಿತ ಮುಗಿದಿರುತ್ತದೆ, ಅದಕ್ಕೆ ಬೇಜಾರು ಬೇಡ. ಸೀದಾ ಬೈತಖೋಲಕ್ಕೆ ಹೋಗಿ. ಸಂಜೆ ಟ್ಯಾಗೋರ್ ಬೀಚಿನಲ್ಲಿ ಚಂದ್ರ. ಮಾರನೇ ದಿನ ಬೆಳಿಗ್ಗೆ 6ಕ್ಕೆ ಮುಂಚೆ ಅದೇ ಬೀಚಿನಲ್ಲಿ ಏಡಿ, ಆಮೇಲೆ ತಿಳಮಾತಿ. ಕಾಂಡ್ಲಾ ಪ್ರತಿಬಿಂಬ ಈ ಸಲ ಸಿಗುವುದಿಲ್ಲ. ಅದಕ್ಕೆ ಅಷ್ಟಮಿಗೆ ಇನ್ನೊಮ್ಮೆ ಟಿಕೆಟ್ ಮಾಡಿಸಬೇಕು.